ಶಕುಂತಲಾದೇವಿಯವರ ಇಪ್ಪತ್ತಾರು ಅಂಕಿಗಳು

ಪಿಕಡಿಲಿ ಲೈನಿನ ರೈಲಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದಾಗ 2,465,099,745,779ರೊಳಗೆ ಹನ್ನೊಂದು ಅಡಗಿರುವುದು ಮೊನ್ನೆ ಕಣ್ಣಿಗೆ ಬಿತ್ತು. ಆ ಖುಷಿ ಇನ್ನೂ ಇಳಿದಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾದೇವಿಯವರಿಗೆ ಕೊಟ್ಟ ಎರಡು ಸಂಖ್ಯೆಗಳಲ್ಲಿ ಇದೊಂದು. ಇನ್ನೊಂದು 7,686,369,774,870. ಕಂಪ್ಯೂಟರ್ ವಿಭಾಗದವರು ಯದೃಚ್ಛೆಯಾಗಿ ಆರಿಸಿದ್ದ ಇವೆರಡನ್ನೂ ಮನಸ್ಸಿನಲ್ಲೇ ಗುಣಿಸಿ ಅವರು ಕೊಟ್ಟ ಉತ್ತರ 18,947,668,177,995,426,462,773,730.

ಇದನ್ನು ತಾಳೆ ನೋಡಲು ನನಗೆ ಪ್ರಿಯವಾದದ್ದು 1001ರ ದಾರಿ. ಏಳು, ಹನ್ನೊಂದು, ಹದಿಮೂರು ಮೂರೂ ಅದರಲ್ಲಿವೆ. ಬಲದಿಂದ ಮೂರು ಮೂರು ಅಂಕಿ ಹಿಡಿದು, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಎಡಕ್ಕೆ ಸರಿಯಬೇಕು. 870−774+369−686+7, ಅಂದರೆ −214. ಇನ್ನೊಂದರಲ್ಲಿ 779−745+99−465+2, ಅಂದರೆ −330. ಹನ್ನೊಂದು ಸಿಕ್ಕಿದ್ದು ಇಲ್ಲೇ. ಎರಡನ್ನೂ ಗುಣಿಸಿದರೆ 70,620. ಅದನ್ನು 1001ರಿಂದ ಭಾಗಿಸಿದರೆ ಶೇಷ 550. ಈಗ ಆ ಉದ್ದದ ಉತ್ತರವನ್ನೂ ಹೀಗೇ ಕೂಡಿ ಕಳೆಯಿರಿ: ಸರಿಯಾಗಿ 550! ಎಷ್ಟು ಸಲ ಮಾಡಿದರೂ ಮೈ ಜುಮ್ಮೆನ್ನುತ್ತದೆ.

ಒಂಬತ್ತರ ತಾಳೆಯೊಂದೇ ಸಾಕು ಎನ್ನುವ ಗೆಳೆಯರೊಂದಿಗೆ ನನ್ನ ಜಗಳ ಹಳೆಯದು. ಉತ್ತರದ ಅಂಕಿಗಳನ್ನು ಕೂಡಿದರೆ 138, ಮತ್ತೆ ಕೂಡಿದರೆ 12, ಕೊನೆಗೆ 3; ಮೂಲದ ಎರಡು ಸಂಖ್ಯೆಗಳಿಂದ ಬರುವ 6 ಮತ್ತು 2ನ್ನು ಗುಣಿಸಿದರೂ 12, ಅಂದರೆ 3. ಸರಿ, ಒಪ್ಪಿದೆ. ಆದರೆ ಈ ಉತ್ತರದಲ್ಲಿ 426, 462 ಅಕ್ಕಪಕ್ಕದಲ್ಲೇ ಕೂತಿವೆ. ನಕಲು ಮಾಡುವವನ ಕೈ ತಪ್ಪುವುದೇ ಅಲ್ಲಿ. ಅವು ಅದಲುಬದಲಾದರೆ ಒಂಬತ್ತಕ್ಕೆ ಏನೂ ತಿಳಿಯುವುದಿಲ್ಲ, ಮತ್ತೆ 3 ಎನ್ನುತ್ತದೆ. 1001 ಮಾತ್ರ ಕೂಡಲೇ 478 ಎಂದು ತೋರಿಸಿ ತಪ್ಪನ್ನು ಹಿಡಿದುಕೊಡುತ್ತದೆ. ಒಂದು ಸ್ಮರಣ ಸಂಚಿಕೆಯಲ್ಲಿ ಹೀಗೇ ತಿರುವುಮುರುವಾಗಿ ಅಚ್ಚಾದದ್ದನ್ನು ನೋಡಿದ್ದೇನೆ. ಸಂಪಾದಕರಿಗೆ ಹೇಳಿದರೆ, "ಅಷ್ಟು ದೊಡ್ಡ ಸಂಖ್ಯೆಯನ್ನ ಯಾರು ಓದ್ತಾರೆ ಬಿಡಿ ಸಾರ್" ಅಂದರು.

ಯಾಕೆ ಓದಬಾರದು? ಸಭೆಗಳಲ್ಲಿ ಭಾಷಣಕಾರರೆಲ್ಲ ಈ ಗುಣಾಕಾರಕ್ಕೆ ಆಕೆ ತೆಗೆದುಕೊಂಡದ್ದು 28 ಸೆಕೆಂಡು, 28 ಸೆಕೆಂಡು ಎಂದು ಚಪ್ಪಾಳೆ ಗಿಟ್ಟಿಸುತ್ತಾರೆ, ಗಿನ್ನೆಸ್ ದಾಖಲೆಯ ಹೆಸರು ಹೇಳಿ ಕೆಳಗಿಳಿಯುತ್ತಾರೆ. ಆಕೆ ಹೇಳಿದ್ದೇನು ಎಂದು ಒಬ್ಬರೂ ನೋಡುವುದಿಲ್ಲ. ಒಬ್ಬ ಸಂಗೀತಗಾರರನ್ನು ಕಛೇರಿ ಎಷ್ಟು ಬೇಗ ಮುಗಿಸಿದರು ಎಂದು ಹೊಗಳಿದ ಹಾಗಿದು. ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಆ ಉತ್ತರವನ್ನು ಅಪವರ್ತನಗಳಾಗಿ ಬಿಚ್ಚಿ ನೋಡಿ: 2, 3, 5, 11 ಒಂದೊಂದೇ ಸಲ ಬಂದಿವೆ. 7 ಇಲ್ಲ, 13 ಇಲ್ಲ, 17, 19 ಕೂಡ ಇಲ್ಲ.

ಇದನ್ನು ನಮ್ಮ ಹಳೆಯ ಸ್ಥಾನಗಳಲ್ಲಿ ಓದಲು ಹೊರಟರೆ ಇನ್ನೂ ಸೊಗಸು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಹದಿಮೂರನೆಯದು ಖರ್ವ. ಹಾಗಾಗಿ ಇಂಪೀರಿಯಲ್ ಕಾಲೇಜಿನವರು ಕೊಟ್ಟದ್ದು ಏಳು ಖರ್ವ ಚಿಲ್ಲರೆ, ಎರಡು ಖರ್ವ ಚಿಲ್ಲರೆ. ಗುಣಲಬ್ಧಕ್ಕೆ ಬಂದರೆ ಆಚಾರ್ಯನ ಪಟ್ಟಿಯೂ ಎರಡು ಸ್ಥಾನ ಸಾಲದು. 189 ಮಹಾಕ್ಷೋಭ ಎಂದು ಶುರುಮಾಡಿ, ಆಮೇಲೆ 4 ಕ್ಷೋಭ, 7 ಮಹಾಕ್ಷಿತಿ, 6 ಕ್ಷಿತಿ ಎಂದು ಇಳಿಯಬೇಕು.