ಜಾರಿದ್ದು ಕಾಲು, ಸೋತದ್ದು ಎಲುಬು

ನಮ್ಮ ದೊಡ್ಡಾಯಿ ಮೊದಲು ಕೈ ಮುರಿದುಕೊಂಡಳು. ಮೂರು ವರ್ಷಕ್ಕೆ ಸೊಂಟ ಮುರಿಯಿತು. ಮತ್ತೆ ಅಂಗಳ ಕಾಣಲಿಲ್ಲ. ನಮ್ಮ ಬಳಗದಲ್ಲಿ ಬಿದ್ದು ಕೈ ಮುರಿದುಕೊಂಡ ಹಿರಿಯರು ಇನ್ನೂ ನಾಲ್ವರಿದ್ದಾರೆ. "ಮತ್ತೆ ಮುರಿದೀತು ಅನ್ನೋ ಅಂಜಿಕಿ ಐತೇನು?" ಎಂದು ಅವರನ್ನು ಕೇಳಿದೆ.

ಇಂಡಿಯ ಅತ್ತೆ, "ಬಚ್ಚಲದಾಗ ಪಾಚಿ ಇತ್ತು, ಜಾರಿದೆ. ನನ್ನ ಎಲುಬಿಗೇನಾಗೇತಿ?" ಎಂದರು. ಸಿಂದಗಿಯ ಕಾಕಾ, "ಜ್ವಾಳದ ರೊಟ್ಟಿ ತಿಂದ ಮೈ ಇದು!" ಎಂದರು. ಬಸವನ ಬಾಗೇವಾಡಿಯ ಚಿಗವ್ವ, "ಕೂಡಿದ ಎಲುಬು ಮೊದಲಿಗಿಂತ ಗಟ್ಟಿ" ಎಂದಳು. ಮುದ್ದೇಬಿಹಾಳದ ಆಯಿ ಮಾತ್ರ ಅಂಜಿ, ಹೊರಸು ಬಿಟ್ಟು ಇಳಿಯುವುದೇ ಇಲ್ಲ.

ನಾಲ್ವರ ಲೆಕ್ಕವೂ ತಪ್ಪು. ನಿಂತಲ್ಲೇ ಬಿದ್ದು ಮುರಿದರೆ ಎಲುಬು ಸವೆದಿರಬಹುದು. ಹೀಗೆ ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು. ರೊಟ್ಟಿಯ ಜೊತೆ ಹಾಲು, ಮೊಸರು, ಎಳ್ಳೂ ಬೇಕು. ಕೈ ಕೂಡಿತೆಂದು ಸೊಂಟ ಗಟ್ಟಿಯಾಗದು. ಮಲಗಿಯೇ ಇದ್ದರೆ ಎಲುಬು ಇನ್ನಷ್ಟು ಸವೆಯುತ್ತದೆ.

ಎಲ್ಲ ಕಡೆಯೂ ಹೀಗೇ. 10 ದೇಶಗಳಲ್ಲಿ 55 ವರ್ಷ ಮೇಲ್ಪಟ್ಟ 60,000ಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿದ್ದರು. ಎಲುಬು ಮುರಿಯಲು ಎರಡಾದರೂ ಕಾರಣಗಳಿದ್ದವರಲ್ಲಿ, ಮೂವರಲ್ಲಿ ಒಬ್ಬರಷ್ಟೇ "ನನಗೆ ಅಪಾಯ ಹೆಚ್ಚು" ಎಂದಿದ್ದರು.

ಮಕ್ಕಳೇ, ಬಚ್ಚಲಿನ ಪಾಚಿ ತಿಕ್ಕಿರಿ, ರಾತ್ರಿ ದೀಪ ಹಚ್ಚಿಡಿರಿ, ಸಂಜೆ ಆಯಿಯ ಕೈಹಿಡಿದು ನಡೆಸಿರಿ. ಹಿರಿಯರೇ, ಕೈ ಕೂಡಿತೆಂದು ಸುಮ್ಮನಿರಬೇಡಿರಿ, "ನನ್ನ ಎಲುಬಿನ ಸಾಂದ್ರತೆ ನೋಡಬೇಕೇ?" ಎಂದು ಡಾಕ್ಟರನ್ನು ಕೇಳಿರಿ.