ಪಾತ್ರೆ ಮತ್ತು ಪದಾರ್ಥ

ಕಡತದ ಹೆಸರಿನ ಕೊನೆಯ ಮೂರಕ್ಷರಗಳನ್ನು ತಿದ್ದಿದರೆ ವಿಡಿಯೋ ಬೇರೊಂದು ಬಗೆಯ ಗಣಕದಲ್ಲಿ ಓಡುತ್ತದೆಂದು ಹಲವರು ನಂಬಿದ್ದಾರೆ. ಡಬ್ಬಿಯ ಮೇಲಿನ ಚೀಟಿಯನ್ನು ಬದಲಿಸಿದ ಮಾತ್ರಕ್ಕೆ ಒಳಗಿನ ಹೆಸರುಬೇಳೆ ತೊಗರಿಬೇಳೆಯಾಗದು. ಎಂಪಿ4 ಎಂಬುದು ಪಾತ್ರೆ. 2003ರಲ್ಲಿ ರೂಪುಗೊಂಡ ಎಚ್.264 ಎಂಬುದು ಅದರೊಳಗೆ ಚಿತ್ರಗಳನ್ನು ಅಡಕಗೊಳಿಸುವ ಕ್ರಮ.

2006ರ ನಮ್ಮ ಶಾಲಾ ವಾರ್ಷಿಕೋತ್ಸವದ ನಾಟಕವನ್ನು ವಿಂಡೋಸ್ ಮೂವಿ ಮೇಕರ್‌ನಲ್ಲಿ ಸಂಕಲಿಸಿ, ಡಬ್ಲ್ಯುಎಂವಿ ಕಡತವಾಗಿ ಉಳಿಸಿದ್ದೆವು. ಈಗ ನಮ್ಮೊಡನಿಲ್ಲದ ಸಂಗೀತದ ಮೇಷ್ಟರ ದನಿ ಅದರಲ್ಲಿದೆ. ಅವರ ಮಗಳ ಮನೆಯಲ್ಲಿರುವುದು ಮ್ಯಾಕ್. ಅದರ ಕ್ವಿಕ್‌ಟೈಮ್ ಪ್ಲೇಯರ್ ಡಬ್ಲ್ಯುಎಂವಿಯನ್ನು ತಾನಾಗಿ ತೆರೆಯದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಚ್.264 ಕ್ರಮದ ಎಂಪಿ4 ಆಗಿ ಪರಿವರ್ತಿಸಿ ಕಳುಹಿಸಿದೆ. “ಅಪ್ಪ ಮಕ್ಕಳಿಗೆ ಶ್ರುತಿ ಹಿಡಿದು ಕೊಡುವುದೂ ಕೇಳಿಸಿತು, ಸರ್” ಎಂದಳು.

ಎರಡು ಸಂಗತಿಗಳನ್ನು ನೆನಪಿಡಬೇಕು. ಸಂಕಲನದ ಪ್ರಾಜೆಕ್ಟ್ ಕಡತದಲ್ಲಿ ಚಿತ್ರವಿರುವುದಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬ ಸೂಚನೆಗಳಷ್ಟೇ ಇರುತ್ತವೆ. ಮೂವಿ ಮೇಕರ್‌ನ ವಿತರಣೆಯನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ನಿಲ್ಲಿಸಿದ ಮೇಲೆ, ಆ ಸೂಚನೆಗಳನ್ನು ಓದಿಸುವುದೂ ಕಷ್ಟವಾಗಿದೆ. ಆದ್ದರಿಂದ ಪೂರ್ಣಗೊಂಡ ಚಿತ್ರವನ್ನೇ ಕಾಪಾಡಬೇಕು. ಎರಡನೆಯದಾಗಿ, ಪ್ರತಿ ಮರುಪರಿವರ್ತನೆಯಲ್ಲೂ ಚಿತ್ರದ ಸ್ಪಷ್ಟತೆ ತುಸು ಕುಂದುತ್ತದೆ. ಪ್ರತಿಯಿಂದ ಪ್ರತಿ ಮಾಡದೆ, ಮೂಲದಿಂದ ಒಮ್ಮೆ ಪರಿವರ್ತಿಸಿ, ಮೂಲವನ್ನೂ ಉಳಿಸಿಕೊಳ್ಳುವುದು ಲೇಸು.

ನಿಮ್ಮ ಮನೆಗಳಲ್ಲಿಯೂ ಮದುವೆ, ನಾಮಕರಣಗಳ ಹಳೆಯ ಸಿ.ಡಿ.ಗಳಿದ್ದಾವು. ಅವುಗಳಲ್ಲಿ ಯಾವ ಹಿರಿಯರ ಮಾತು, ಯಾರ ನಗು ಉಳಿದಿದೆಯೋ! ಓದಬಲ್ಲ ಯಂತ್ರವೊಂದು ಕೈಯಲ್ಲಿರುವಾಗಲೇ ಅವನ್ನು ಹೊಸ ಪಾತ್ರೆಗೆ ತುಂಬಿಸಿಡಿ.