ಸಿಂಹಗಡದ ಏರು

ಪುಣೆಗೆ ಬಂದು 11 ವರ್ಷವಾದರೂ ಸೈಕಲ್ಲಿನಲ್ಲಿ ಸಿಂಹಗಡ ಹತ್ತಿದ್ದು ಹೋದ ಭಾನುವಾರವೇ. ಖಡಕ್‌ವಾಸ್ಲಾ ಜಲಾಶಯದ ದಂಡೆಗುಂಟ ಸಾಗುವಾಗ ಹುರುಪಿತ್ತು. ಘಾಟಿ ಶುರುವಾದ ಮೇಲೆ ಸಣ್ಣ ಗೇರಿಗೆ ಇಳಿಸಿದರೂ ತೊಡೆಗಳು ಮಾತು ಕೇಳಲಿಲ್ಲ. ಮೇಲೆ ಕೋಟೆಯ ಕರಿಬಂಡೆ, ಕೆಳಗೆ ಮಂಜು ಹೊದ್ದ ಕಣಿವೆ. ನಿಂತು ನೋಡಲು ಉಸಿರಿರಲಿಲ್ಲ. ಕಡಿದಾದ ತಿರುವೊಂದರಲ್ಲಿ ಇಳಿದು ನೂಕತೊಡಗಿದೆ. ಪಕ್ಕದಲ್ಲೇ ತುಳಿಯುತ್ತ ಹೋದ ಹುಡುಗನೊಬ್ಬ ನಕ್ಕ.

ಆಗ ನೆನಪಾದದ್ದು ಧಾರವಾಡದ ದಿನ್ನೆ. ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಅಪ್ಪ, ಏರು ಬಂದಾಗ ತಾನಿಳಿದು ಸೈಕಲ್ ನೂಕುತ್ತಿದ್ದ, ನನ್ನನ್ನು ಇಳಿಸುತ್ತಿರಲಿಲ್ಲ. ಗೆಳೆಯರು ನಕ್ಕರೆಂದು, 'ನಾಳಿಂದ ನಡಕೋತ ಹೋಗ್ತೀನಿ' ಎಂದಿದ್ದೆ. ಅಪ್ಪ ಮರುಮಾತಾಡಿರಲಿಲ್ಲ.

1670ರಲ್ಲಿ ತಾನಾಜಿ ಜೀವ ಕೊಟ್ಟು ಗೆದ್ದ ಕೋಟೆಯಿದು. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಪುಣೆ ದರವಾಜೆಯ ಬಳಿ ಬೆವರೊರೆಸಿಕೊಂಡು ಅಪ್ಪನಿಗೆ ಫೋನು ಹಚ್ಚಿದೆ.

'ಅಪ್ಪಾ, ಅರ್ಧ ದಾರಿ ನೂಕಿಕೋತನ ಬಂದೆ.'

'ಮ್ಯಾಲ ಮುಟ್ಟಿದಿ ಇಲ್ಲೋ? ಸಾಕು. ಏನರ ತಿಂದಿ?'

'ಪಿಠಲಾ-ಭಾಕರಿ. ನಮ್ಮ ಜುಣಕ-ರೊಟ್ಟಿನ.'

ದಿನ್ನೆಯ ಮಾತು ಎತ್ತಬೇಕೆಂದಿದ್ದೆ. 'ಇಳಿಯೂಮುಂದ ಬ್ರೇಕ್ ನೋಡಿಕೋ' ಎಂದು ಅಪ್ಪನೇ ಫೋನಿಟ್ಟ.